ಗೀರು ಬೇರೆ, ಬಣ್ಣ ಏಳುವುದು ಬೇರೆ: ನಲವತ್ತಾರು ದಿನದ ಫೋನಿನ ಒಂದು ಪ್ರಕರಣ

ಹಿನ್ನೆಲೆ

ಹೊಸ ಫೋನು ಗೀರು ತಡೆಯಬೇಕೇ? ಈ ಪ್ರಕರಣ ಎತ್ತುವ ಪ್ರಶ್ನೆ ಅದು. ಫೋನಿನ ಮಾಲೀಕರು ಚಿಕ್ಕಮಗಳೂರು ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರು, ಅಂದರೆ ಹಾಜರಿ, ತೂಕದ ಲೆಕ್ಕ ಬರೆಯುವವರು. ಅವರ, ತೋಟದ, ಅಂಗಡಿಯ, ಫೋನ್ ಕಂಪನಿಯ ಹೆಸರುಗಳನ್ನು ಇಲ್ಲಿ ಬಿಟ್ಟಿದೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದೆ.

ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ, ನವೆಂಬರ್ ಎರಡನೇ ವಾರದಲ್ಲಿ, ಅವರು ಪೇಟೆಯ ಅಂಗಡಿಯಲ್ಲಿ 38,000 ರೂಪಾಯಿಯ ಫೋನನ್ನು ಕಂತಿನ ಮೇಲೆ ತೆಗೆದುಕೊಂಡರು. ಮುಂದೆ ಬಲಪಡಿಸಿದ ಗಾಜು, ಹಿಂದೆ ಮ್ಯಾಟ್ ಗಾಜು. ಸುತ್ತಲಿನ ಫ್ರೇಮ್ ಪ್ಲಾಸ್ಟಿಕ್ಕಿನದು. ಅದರ ಮೇಲೆ ಲೋಹದಂತೆ ಹೊಳೆಯುವ ಬಣ್ಣ, ಬಣ್ಣದ ಮೇಲೆ ತೆಳುವಾದ ಪಾರದರ್ಶಕ ಲೇಪ. ಕ್ಯಾಮೆರಾ ಸುತ್ತಲಿನ ಉಂಗುರ ಮಾತ್ರ ಅಲ್ಯುಮಿನಿಯಂ. ನೀರು, ಧೂಳಿಗೆ ಐಪಿ68 ತಡೆ. ಅಂಗಡಿಯವರು ಫ್ರೇಮನ್ನು "ಮೆಟಲ್ ಫಿನಿಶ್" ಎಂದು ತೋರಿಸಿದ್ದರು. ಕೊಂಡವರು ಅದನ್ನು ಲೋಹವೆಂದೇ ತಿಳಿದಿದ್ದರು.

ಕೊಯ್ಲಿನ ಕಾಲದಲ್ಲಿ ರೈಟರ ಕೈಯಲ್ಲಿ ಫೋನು ಪುಸ್ತಕದಷ್ಟೇ ದುಡಿಯುತ್ತದೆ. ಬೆಳಿಗ್ಗೆ ಆಳುಗಳ ಹಾಜರಿ, ನಡುವೆ ಧಣಿಗಳ ಕರೆ, ಸಂಜೆ ಹಣ್ಣಿನ ತೂಕದ ಫೋಟೊ, ಕಣದಲ್ಲಿ ಒಣಗುವ ಕಾಫಿಯ ವಿಡಿಯೊ. ದಿನಕ್ಕೆ ಐವತ್ತು ಅರವತ್ತು ಸಲ ಜೇಬಿನಿಂದ ಹೊರಗೆ, ಮತ್ತೆ ಒಳಗೆ. ಅದೇ ಜೇಬಿನಲ್ಲಿ ಸ್ಟೋರಿನ ಬೀಗದ ಕೈ ಗೊಂಚಲು. ಬೈಕಿನಲ್ಲಿ ಹೊರಟರೆ ಹ್ಯಾಂಡಲ್ಲಿಗೆ ಬಿಗಿದ ಲೋಹದ ಹಿಡಿಕೆಯಲ್ಲಿ ಫೋನು.

ಮೊದಲ ಹತ್ತೊಂಬತ್ತು ದಿನ ಕಂಪನಿಯೇ ಅಂಟಿಸಿ ಕಳಿಸಿದ್ದ ಪ್ಲಾಸ್ಟಿಕ್ ಹಾಳೆ ಪರದೆಯ ಮೇಲಿತ್ತು. ಇಪ್ಪತ್ತನೆಯ ದಿನ ಹಾಳೆಯ ಮೂಲೆ ಎದ್ದು ಧೂಳು ಸೇರಿತೆಂದು ಕಿತ್ತು ಹಾಕಿದರು. "ಗಟ್ಟಿ ಗಾಜು, ಇನ್ನೇನೂ ಬೇಡ" ಎಂದು ಅಂಗಡಿಯಲ್ಲಿ ಕೇಳಿದ್ದ ಮಾತನ್ನು ನಂಬಿ ಹೊಸದನ್ನು ಹಾಕಿಸಲಿಲ್ಲ. ಪ್ರಕರಣದ ಮೊದಲ ತಿರುವು ಇದು. ಆಗ ಯಾರ ಗಮನಕ್ಕೂ ಬರಲಿಲ್ಲ.

ಸಮಸ್ಯೆ

ನಲವತ್ತಾರನೆಯ ದಿನ ಫೋನಿನ ಸ್ಥಿತಿ ಹೀಗಿತ್ತು. ಬಿಸಿಲಿಗೆ ಹಿಡಿದರೆ ಪರದೆಯ ತುಂಬ ಕೂದಲೆಳೆಯಂಥ ಗೀರುಗಳು, ಬಲಬದಿಯಲ್ಲಿ ಎರಡು ಸೆಂಟಿಮೀಟರ್ ಉದ್ದದ ಒಂದು ಆಳದ ಗೀರು. ಕ್ಯಾಮೆರಾ ಉಂಗುರದ ಮೇಲೆ ಬೂದು ಬಣ್ಣದ ಗೆರೆಗಳು. ಕೆಳಗಿನ ಎಡ ಮೂಲೆಯಲ್ಲಿ ಬಣ್ಣ ಹೋಗಿ ಬಿಳಿಚಿದ ಪ್ಲಾಸ್ಟಿಕ್. ಕೆಳ ಅಂಚಿನಲ್ಲಿ, ಸಿಮ್ ಗೂಡಿಗೂ ಚಾರ್ಜಿಂಗ್ ಕಿಂಡಿಗೂ ನಡುವೆ, ಹಕ್ಕಳೆ ಹಕ್ಕಳೆಯಾಗಿ ಎದ್ದ ಬಣ್ಣ.

ರೈಟರು ಸರ್ವಿಸ್ ಸೆಂಟರಿಗೆ ಹೋದರು. ಕೌಂಟರಿನಲ್ಲಿದ್ದ ಹುಡುಗ ಫೋನನ್ನು ಒಮ್ಮೆ ತಿರುಗಿಸಿ ನೋಡಿ, "ಸಾರ್, ಇದೆಲ್ಲ ಕಾಸ್ಮೆಟಿಕ್. ವಾರಂಟಿಗೆ ಬರಲ್ಲ" ಅಂದ. ಕಾಸ್ಮೆಟಿಕ್ ಅಂದರೆ ನೋಟಕ್ಕಷ್ಟೇ ಆದ ಹಾನಿ.

"ಅಲ್ಲ ಮಾರಾಯ್ರೆ, ಒಂದೂವರೆ ತಿಂಗಳಿಗೇ ಹಿಂಗಾದ್ರೆ ಹೊಸ ಫೋನು ಅಂತ ಯಾಕೆ ಮಾರ್ತೀರಿ? ಇಡೀ ಫೋನೇ ಬದಲಿಸಿ ಕೊಡಿ."

ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಜಾಬ್ ಶೀಟಿನಲ್ಲಿ "ಹಲವು ಗೀರು, ಬಣ್ಣ ಹೋಗಿದೆ, ಗ್ರಾಹಕರ ಬಳಕೆಯಿಂದ" ಎಂದು ಬರೆದರು. ರೈಟರು ಅದರ ಕೆಳಗೆ ಸಹಿ ಹಾಕಿ ಬಂದರು.

ಆ ಸಹಿ ಮುಂದೆ ದುಬಾರಿಯಾಯಿತು. "ಗ್ರಾಹಕರ ಬಳಕೆಯಿಂದ" ಎಂಬುದು ಸ್ಥಿತಿಯ ವರ್ಣನೆಯಲ್ಲ, ತೀರ್ಪು. ಜಾಬ್ ಶೀಟಿನಲ್ಲಿ ಎಲ್ಲಿ, ಎಷ್ಟು ಉದ್ದ, ಹೇಗಿದೆ ಎಂಬುದಷ್ಟೇ ಇರಬೇಕು. ಕಾರಣವನ್ನು ಬರೆದಿದ್ದರೆ ಸಹಿಯ ಪಕ್ಕದಲ್ಲೇ "ಕಾರಣಕ್ಕೆ ನನ್ನ ಒಪ್ಪಿಗೆಯಿಲ್ಲ" ಎಂದು ಕೈಯಲ್ಲಿ ಬರೆದು, ಆ ಹಾಳೆಯ ಫೋಟೊ ತೆಗೆದುಕೊಳ್ಳಬೇಕು. ಹಾಗೆ ಬರೆಯಲು ಯಾರ ಅನುಮತಿಯೂ ಬೇಡ.

ಇನ್ನೊಂದು ತಪ್ಪು ಬೇಡಿಕೆಯಲ್ಲೇ ಇತ್ತು. ನಾಲ್ಕು ಬೇರೆ ಬೇರೆ ಗುರುತುಗಳನ್ನು ಒಂದೇ ಗಂಟು ಕಟ್ಟಿ ಮುಂದಿಟ್ಟಾಗ, ಅದರಲ್ಲಿನ ಅತಿ ದುರ್ಬಲ ಅಂಶವನ್ನು ತೋರಿಸಿ ಇಡೀ ಗಂಟನ್ನು ಹಿಂದಕ್ಕೆ ಕೊಡುವುದು ಕೌಂಟರಿನವರಿಗೆ ಸುಲಭ.

ಮೊದಲ ಪ್ರಯತ್ನಗಳು

ಮನೆಗೆ ಬಂದವರು ಮೊಬೈಲಿನಲ್ಲೇ ನೋಡಿದ ಉಪಾಯದಂತೆ ಬಿಳಿ ಟೂತ್‌ಪೇಸ್ಟ್ ಹಚ್ಚಿ, ಹತ್ತಿ ಬಟ್ಟೆಯಿಂದ ಹದಿನೈದು ನಿಮಿಷ ಪರದೆ ಉಜ್ಜಿದರು. ಗೀರು ಹೋಗಲಿಲ್ಲ. ಉಜ್ಜಿದ ಜಾಗ ಮಾತ್ರ ಬೆರಳಿಗೆ ಅಂಟಂಟಾಗಿ, ಎಣ್ಣೆ ಕಲೆ ಹಿಡಿದುಕೊಳ್ಳತೊಡಗಿತು.

ಕಾರಣ ಸರಳ. ಫೋನಿನ ಗಾಜಿನ ಮೇಲೆ ಎಣ್ಣೆ, ಬೆವರು ಅಂಟದಂತೆ ಫ್ಲೋರಿನ್ ಇರುವ ಒಂದು ಲೇಪವಿರುತ್ತದೆ. ಅದರ ದಪ್ಪ ನ್ಯಾನೊಮೀಟರ್‌ಗಳ ಲೆಕ್ಕದ್ದು. ಟೂತ್‌ಪೇಸ್ಟಿನ ಸಿಲಿಕಾ, ಸುಣ್ಣದ ಪುಡಿ ಮೊದಲು ತಿನ್ನುವುದು ಅದನ್ನೇ. ಕೈಗೆ ತಡೆಯುವ ಗೀರಿನ ಆಳವಾದರೋ ಮೈಕ್ರಾನ್‌ಗಳ ಲೆಕ್ಕದ್ದು, ಅಂದರೆ ಲೇಪದ ದಪ್ಪದ ನೂರಾರು ಪಟ್ಟು. ಗೀರು ಹೋಗಬೇಕಾದರೆ ಸುತ್ತಲಿನ ಗಾಜನ್ನೆಲ್ಲ ಅಷ್ಟು ಆಳಕ್ಕೆ ತೇಯಬೇಕು. ಹಾಗೆ ತೇಯ್ದರೆ ಗಾಜಿನ ಬಲವಿರುವ ಪದರವೇ ಸವೆಯುತ್ತದೆ. ಲೇಪ ಉಳಿದಿದೆಯೋ ಇಲ್ಲವೋ ನೋಡುವ ಬಗೆ ಇದು: ಪರದೆಯ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನಂತೆ ದುಂಡಗೆ ನಿಂತರೆ ಲೇಪ ಇದೆ, ಚಪ್ಪಟೆಯಾಗಿ ಹರಡಿದರೆ ಹೋಗಿದೆ.

ಆಮೇಲೆ ಟೆಂಪರ್ಡ್ ಗ್ಲಾಸ್ ಹಾಕಿಸಲು ಹೋದರು. ಅಂಗಡಿಯವರು ದ್ರವದ ಅಂಟು ಸುರಿದು ನೇರಳೆ ದೀಪದಲ್ಲಿ ಗಟ್ಟಿ ಮಾಡುವ ಬಗೆಯದನ್ನು ತೋರಿಸಿದರು. ರೈಟರು ಬೆಲೆ ಕೇಳಿ ಬೇಡವೆಂದರು. ದುಡ್ಡಿಗಾಗಿ ಬಿಟ್ಟದ್ದು ಒಳ್ಳೆಯದೇ ಆಯಿತು. ಆ ಅಂಟು ಕಿವಿಯ ಸ್ಪೀಕರಿನ ಜಾಲರಿಗೂ ಗುಂಡಿಗಳ ಸಂದಿಗೂ ಇಳಿದರೆ ತೆಗೆಯುವ ದಾರಿಯಿಲ್ಲ. ಆಮೇಲಿನ ವಾರಂಟಿ ಬೇಡಿಕೆಗೆ ಅದೊಂದೇ ಸಾಕು, ಕಲ್ಲು ಹಾಕಲು.

ಸೂಕ್ಷ್ಮದರ್ಶಕದ ಕೆಳಗೆ

ಐವತ್ಮೂರನೆಯ ದಿನ ನೆಂಟರ ಮನೆಗೆಂದು ಹಾಸನಕ್ಕೆ ಹೋದಾಗ ಫೋನು ಒಬ್ಬ ದುರಸ್ತಿಗಾರರ ಮೇಜಿಗೆ ಬಂತು. ಬೋರ್ಡಿನ ಮೇಲೆ ಬೆಸುಗೆ ಹಾಕಲು ಬಳಸುವ ಸೂಕ್ಷ್ಮದರ್ಶಕ ಅವರಲ್ಲಿತ್ತು. ಏಳರಿಂದ ನಲವತ್ತೈದು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು.

"ಅಣ್ಣಾ, ಪೇಸ್ಟ್ ಹಾಕಿ ಉಜ್ಜಿದ್ರಾ?"

"ಉಜ್ಜಿದೆ ಕಣಪ್ಪ."

"ಇನ್ಮೇಲೆ ಏನೂ ಹಚ್ಬೇಡಿ. ಒರೆಸಕ್ಕೂ ಹೋಗ್ಬೇಡಿ, ಮೊದ್ಲು ಫೋಟೊ ತೆಗ್ಯಣ."

ಈ ಕ್ರಮ ಮುಖ್ಯ. ಒರೆಸುವ ಮೊದಲು ಒಂದು ಸುತ್ತು ಫೋಟೊ, ಒರೆಸಿದ ಮೇಲೆ ಅದೇ ಜಾಗಗಳ ಇನ್ನೊಂದು ಸುತ್ತು. ನೆತ್ತಿಯ ಮೇಲಿಂದ ಬೆಳಕು ಬಿಟ್ಟರೆ ಗೀರು ಕಾಣುವುದಿಲ್ಲ. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಓರೆಯಾಗಿ, ಹದಿನೈದು ಇಪ್ಪತ್ತು ಡಿಗ್ರಿಯಲ್ಲಿ ಬಿಡಬೇಕು. ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇರಬೇಕು. ಒಂದೊಂದು ಗುರುತಿಗೆ ಮೂರು ಫೋಟೊ: ಇಡೀ ಫೋನು ಕಾಣುವಂತೆ, ಆ ಬದಿ ಕಾಣುವಂತೆ, ಗುರುತೊಂದೇ ಕಾಣುವಂತೆ. ಒರೆಸಲು ಮೈಕ್ರೊಫೈಬರ್ ಬಟ್ಟೆ, ಬಟ್ಟೆಯ ಮೇಲೆ ಎರಡು ಹನಿ ನೀರು. ಫೋನಿನ ಮೇಲೆ ನೇರ ಸುರಿಯಬಾರದು.

ಒರೆಸಿ ನೋಡಿದಾಗ ನಾಲ್ಕು ಗುರುತುಗಳು ನಾಲ್ಕು ದಾರಿ ಹಿಡಿದವು.

ಕ್ಯಾಮೆರಾ ಉಂಗುರದ ಬೂದು ಗೆರೆಗಳು ಗೀರುಗಳೇ ಆಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅವು ತಗ್ಗಾಗಿ ಕಾಣುವ ಬದಲು ಉಬ್ಬಾಗಿ ಕಂಡವು. ಬೈಕಿನ ಹಿಡಿಕೆಯ ಲೋಹ ಉಂಗುರಕ್ಕೆ ಮೆತ್ತಿಕೊಂಡಿತ್ತು. ಮೆತ್ತಗಿನ ಲೋಹ ಗಟ್ಟಿ ಮೇಲ್ಮೈಗೆ ಉಜ್ಜಿದಾಗ ಸೀಮೆಸುಣ್ಣ ಹಲಗೆಯ ಮೇಲೆ ಉಳಿಯುವಂತೆ ಉಳಿಯುತ್ತದೆ. ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಆಕ್ಸೈಡ್ ಪದರ ಬೆಳೆಸಿ ಬಣ್ಣ ಹಿಡಿಸಿದ ಅಲ್ಯುಮಿನಿಯಂ ಉಂಗುರದ ಮೇಲ್ಪದರ ಅಲ್ಯುಮಿನಿಯಂ ಆಕ್ಸೈಡ್, ಅದು ಗಟ್ಟಿ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿದರೆ ಮುಕ್ಕಾಲು ಪಾಲು ಗೆರೆ ಹೋಯಿತು. ಬೀಗದ ಕೈಯಿಂದ ಗೀರಾಯಿತು ಎಂದು ಜನ ತೋರಿಸುವ ಎಷ್ಟೋ ಗುರುತುಗಳು ಹೀಗೆ ಮೆತ್ತಿಕೊಂಡ ಲೋಹವೇ. ಆದರೆ ಆ ಆಕ್ಸೈಡ್ ಪದರ ಗಟ್ಟಿಯಾದರೂ ಮೊಟ್ಟೆಯ ಸಿಪ್ಪೆಯಂತೆ ತೆಳು, ಕೆಳಗಿನ ಅಲ್ಯುಮಿನಿಯಂ ಮೆತ್ತಗೆ. ಚೂಪಾದ ಅಂಚಿಗೆ ಪೆಟ್ಟು ಬಿದ್ದರೆ ಕೆಳಗಿನ ಲೋಹ ತಗ್ಗಾಗಿ ಮೇಲಿನ ಸಿಪ್ಪೆ ಒಡೆಯುತ್ತದೆ. 2012ರಲ್ಲಿ ಬಂದ ಕಪ್ಪು ಐಫೋನ್ 5ರ ಅಂಚುಗಳಲ್ಲಿ ಬೆಳ್ಳಿ ಬಣ್ಣ ಇಣುಕಿ ದೊಡ್ಡ ಚರ್ಚೆಯಾದದ್ದು ಇಂಥ ಮೇಲ್ಮೈಯದೇ ಕಥೆ.

ಎಡ ಮೂಲೆಯ ಬಿಳಿಚಿದ ಜಾಗ ಪೆಟ್ಟಿನದು. ಪ್ಲಾಸ್ಟಿಕ್ ಜಜ್ಜಿ ನಾರು ನಾರಾಗಿತ್ತು, ಬಣ್ಣದ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಒಮ್ಮೆ ಕಣದ ಸಿಮೆಂಟಿನ ಮೇಲೆ ಬಿದ್ದದ್ದು ಆಗ ರೈಟರಿಗೂ ನೆನಪಾಯಿತು. ಇದಕ್ಕೆ ಯಾರನ್ನೂ ಕೇಳುವಂತಿಲ್ಲ.

ಪರದೆಯ ಗೀರುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗ್ರಾಹಕರ ಸಿಟ್ಟೆಲ್ಲ ಅದರ ಮೇಲೆಯೇ ಇತ್ತು.

ಗಾಜು ಗಟ್ಟಿಯೇ, ಬೆಣಚು ಇನ್ನೂ ಗಟ್ಟಿ

ಒಂದು ವಸ್ತು ಇನ್ನೊಂದನ್ನು ಗೀರಬಲ್ಲುದೇ ಎಂದು ಹೇಳುವ ಅಳತೆಯನ್ನು ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ. ಒಂದರಿಂದ ಹತ್ತರವರೆಗಿನ ಶ್ರೇಣಿ. ಉಗುರು ಸುಮಾರು 2.5, ಚಾಕುವಿನ ಉಕ್ಕು 5.5ರ ಆಸುಪಾಸು, ಬೆಣಚುಕಲ್ಲು 7, ಸಫೈರ್ 9, ವಜ್ರ 10. ಫೋನಿನ ಗಾಜಿನ ಮೇಲೆ ಸಾಮಾನ್ಯವಾಗಿ 6ನೆಯ ಹಂತದ ಮೊನೆಯಿಂದ ಗೀರು ಕಾಣತೊಡಗುತ್ತದೆ, 7ರಲ್ಲಿ ಆಳವಾಗುತ್ತದೆ. ಅಂದರೆ ಬೀಗದ ಕೈ, ನಾಣ್ಯ, ಉಗುರು ಯಾವುದೂ ಈ ಗಾಜಿಗೆ ದೊಡ್ಡ ಶತ್ರುವಲ್ಲ. ಶತ್ರು ಮಣ್ಣಿನಲ್ಲಿದೆ. ನಮ್ಮ ಕಡೆಯ ಮಣ್ಣು ಗ್ರಾನೈಟ್ ಜಾತಿಯ ಕಲ್ಲು ಕರಗಿ ಆದದ್ದು. ಉಳಿದದ್ದೆಲ್ಲ ಜೇಡಿಯಾದರೂ ಬೆಣಚಿನ ಹರಳು ಕರಗದೆ ಚೂಪಾಗಿಯೇ ಉಳಿಯುತ್ತದೆ. ಕಾಫಿ ಬೀಜ, ಅದರ ಹೊಟ್ಟು ಗಾಜಿಗಿಂತ ಎಷ್ಟೋ ಮೆತ್ತಗೆ. ಕಣ ಗುಡಿಸುವಾಗ, ಮೂಟೆ ಎತ್ತುವಾಗ ಅದರ ಜೊತೆಗೆ ಏಳುವ ಧೂಳಿನಲ್ಲಿ ಬೆಣಚು ಇರುತ್ತದೆ. ಪ್ಯಾಂಟಿನ ಜೇಬಿನ ತಳದಲ್ಲಿ ಸೇರಿದ ಆ ಮರಳು, ಬೀಗದ ಕೈ ಅದನ್ನು ಪರದೆಗೆ ಒತ್ತಿದಾಗ, ಉಳಿಯ ಕೆಲಸ ಮಾಡುತ್ತದೆ.

ಹಾಗಾದರೆ "ಬಲಪಡಿಸಿದ ಗಾಜು" ಎಂದರೇನು? ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸುತ್ತಾರೆ. ಗಾಜಿನ ಮೇಲ್ಪದರದ ಸಣ್ಣ ಸೋಡಿಯಂ ಅಯಾನುಗಳು ಹೊರಗೆ ಹೋಗಿ, ದಪ್ಪನೆಯ ಪೊಟ್ಯಾಸಿಯಂ ಅಯಾನುಗಳು ಅವುಗಳ ಜಾಗದಲ್ಲಿ ತುರುಕಿಕೊಳ್ಳುತ್ತವೆ. ಭರ್ತಿ ಬಸ್ಸಿನಂತೆ ಮೇಲ್ಪದರ ಇಕ್ಕಟ್ಟಾಗಿ ಒತ್ತಡದಲ್ಲಿರುತ್ತದೆ. ಬಿರುಕು ಬಾಯಿ ಬಿಡಬೇಕಾದರೆ ಮೊದಲು ಈ ಒತ್ತಡವನ್ನು ಮೀರಬೇಕು. ಬಿದ್ದರೂ ಒಡೆಯದಿರುವ ಶಕ್ತಿ ಬರುವುದು ಹೀಗೆ. ಬೆಣಚಿನ ಮೊನೆ ಗೀರದಂತೆ ತಡೆಯುವ ಶಕ್ತಿ ಇದರಿಂದ ಬರುವುದಿಲ್ಲ.

ಸಫೈರ್ ಹಾಕಿದರೆ ಮರಳು ಗೀರುವುದಿಲ್ಲ, ನಿಜ. ಕೈಗಡಿಯಾರಕ್ಕೆ, ಕ್ಯಾಮೆರಾ ಲೆನ್ಸಿನ ಮುಚ್ಚಳಕ್ಕೆ ಅದನ್ನು ಹಾಕುತ್ತಾರೆ. ಇಡೀ ಪರದೆಗೆ ಹಾಕಿದರೆ ತೂಕ ಹೆಚ್ಚು, ಬೆಲೆ ಬಹಳ, ಬೆಳಕನ್ನು ಗಾಜಿಗಿಂತ ಹೆಚ್ಚು ಹಿಂದಕ್ಕೆ ಎಸೆಯುವುದರಿಂದ ಬಿಸಿಲಲ್ಲಿ ಓದುವುದು ಕಷ್ಟ. ಗಟ್ಟಿಯಾದಷ್ಟೂ ಬಾಗುವ ಗುಣ ಕಡಿಮೆ. ಬಿದ್ದಾಗ ಒಡೆಯುವ ಭಯ ಬೇರೆ. ಒಡೆದ ಪರದೆಗಿಂತ ಗೀರಿದ ಪರದೆ ವಾಸಿ ಎಂದು ತಯಾರಕರು ಆಯ್ದುಕೊಂಡಿದ್ದಾರೆ. ಈ ಆಯ್ಕೆ ಸರಿಯೆಂದೇ ನಮ್ಮ ಅಭಿಪ್ರಾಯ. ತಪ್ಪಿರುವುದು, ಮಾರುವಾಗ ಅದನ್ನು ಬಾಯಿ ಬಿಟ್ಟು ಹೇಳದಿರುವುದರಲ್ಲಿ.

ಕಾನೂನು ಎಷ್ಟು ಕೇಳುತ್ತದೆ ಎಂಬುದಕ್ಕೆ ಒಂದು ಅಳತೆ ಯುರೋಪಿಯನ್ ಒಕ್ಕೂಟದಲ್ಲಿದೆ. ಅಲ್ಲಿ ಮಾರುವ ಸ್ಮಾರ್ಟ್‌ಫೋನುಗಳ ಪರದೆ ಮೋಸ್ ಶ್ರೇಣಿಯ 4ನೆಯ ಹಂತವನ್ನು ತಾಳಬೇಕು ಎಂಬ ನಿಯಮ 2025ರ ಜೂನ್ 20ರಿಂದ ಜಾರಿಯಲ್ಲಿದೆ. ಮರಳು 7. ಕಟ್ಟುನಿಟ್ಟಾದ ಆ ನಿಯಮವೂ ಮರಳನ್ನು ತಡೆಯಿರಿ ಎಂದು ಕೇಳಿಲ್ಲ.

ಅಂಗಡಿಯ ಟೆಂಪರ್ಡ್ ಗ್ಲಾಸಿನ ಪೊಟ್ಟಣದ ಮೇಲೆ "9ಎಚ್" ಎಂದಿರುವುದೂ ಮೋಸ್ ಲೆಕ್ಕದ ಒಂಬತ್ತಲ್ಲ. ಅದು ಬಣ್ಣದ ಲೇಪಗಳನ್ನು ಪರೀಕ್ಷಿಸುವ ಪೆನ್ಸಿಲ್ ಲೆಕ್ಕ. 9ಎಚ್ ಪೆನ್ಸಿಲಿನ ಸೀಸದ ಕಡ್ಡಿ ಗೀರಲಿಲ್ಲ ಎಂದಷ್ಟೇ ಅರ್ಥ. ಮರಳಿಗೆ ಅದೂ ಗೀರುತ್ತದೆ. ಬದಲಿಸಲು ನೂರಿನ್ನೂರು ರೂಪಾಯಿ ಸಾಕು ಎಂಬುದೇ ಅದರ ಉಪಯೋಗ.

ದುರಸ್ತಿಗಾರರು ಪರದೆಯ ಆಳದ ಗೀರಿನ ಮೇಲೆ ಉಗುರು ಆಡಿಸಿದರು. ಉಗುರು ತಡೆಯಿತು. ಇಂಥ ಗೀರು ನೋಟಕ್ಕಷ್ಟೇ ಕೆಡುಕಲ್ಲ. ಒತ್ತಡದ ಪದರ ಕೆಲವು ಹತ್ತು ಮೈಕ್ರಾನ್ ಮಾತ್ರ. ಗೀರು ಅದನ್ನು ಎಷ್ಟು ಕೊರೆದಿದೆಯೋ ಅಷ್ಟು ಬಲ ಹೋದಂತೆ. ಮುಂದಿನ ಪೆಟ್ಟಿಗೆ ಬಿರುಕು ಅಲ್ಲಿಂದಲೇ ಹೊರಡುವ ಸಂಭವ ಹೆಚ್ಚು.

ತಿರುವು: ಸಿಮ್ ಗೂಡಿನ ಒಳ ಅಂಚು

ನಾಲ್ಕನೆಯ ಗುರುತು ಕೆಳ ಅಂಚಿನ ಹಕ್ಕಳೆ. ಮೊದಲ ನೋಟಕ್ಕೆ ಇದೂ ಸವೆತವೇ. ಚಾರ್ಜರಿನ ಪಿನ್ನು ಚುಚ್ಚಿ ತೆಗೆಯುವಾಗ ಉಜ್ಜಿರಬಹುದು ಎನ್ನುವುದು ಯಾರಿಗಾದರೂ ಹೊಳೆಯುವ ಕಾರಣ. ದುರಸ್ತಿಗಾರರು ರೈಟರದೇ ಚಾರ್ಜರ್ ಹಾಕಿ ನೋಡಿದರು. ಪಿನ್ನಿನ ತಲೆ ಮುಟ್ಟುವ ಜಾಗದಲ್ಲಿ ಬಣ್ಣ ಭದ್ರವಾಗಿತ್ತು. ಎದ್ದದ್ದು ಅಲ್ಲಿಂದ ಎಂಟು ಮಿಲಿಮೀಟರ್ ಆಚೆ.

ಆಮೇಲೆ ಸಿಮ್ ತಟ್ಟೆ ಹೊರಗೆಳೆದು ಗೂಡಿನೊಳಗೆ ಬೆಳಕು ಬಿಟ್ಟರು. ಒಳ ಅಂಚಿನಲ್ಲೂ ಬಣ್ಣ ಎದ್ದಿತ್ತು. ವಾಲ್ಯೂಮ್ ಗುಂಡಿಯ ಸಂದಿಯ ಒಳ ಅಂಚಿನಲ್ಲೂ ಅದೇ. ಮರಳಾಗಲಿ ಬೀಗದ ಕೈಯಾಗಲಿ ಬೆರಳಾಗಲಿ ಹೋಗದ ಜಾಗಗಳಿವು. ಸಿಮ್ ತಟ್ಟೆಯನ್ನು ಕೊಂಡ ದಿನದಿಂದ ಎರಡು ಸಲ ಮಾತ್ರ ತೆಗೆದಿದ್ದರು. ಸೂಜಿ ಹಾಕುವ ತೂತಿನ ಸುತ್ತ ಬಣ್ಣ ಕೆಟ್ಟಿರಲಿಲ್ಲ.

ಹಕ್ಕಳೆಯ ಸ್ವರೂಪವೂ ಅದನ್ನೇ ಹೇಳಿತು. ಸವೆದ ಬಣ್ಣ ನಡುವೆ ತೆಳುವಾಗಿ ಅಂಚಿನ ಕಡೆಗೆ ನಿಧಾನವಾಗಿ ದಪ್ಪವಾಗುತ್ತದೆ. ಪೆಟ್ಟಿಗೆ ಹೋದ ಬಣ್ಣದ ಕೆಳಗೆ ಪ್ಲಾಸ್ಟಿಕ್ ಜಜ್ಜಿರುತ್ತದೆ. ಇಲ್ಲಿ ಎರಡೂ ಇಲ್ಲ. ಬಣ್ಣ ಪೂರ್ತಿ ದಪ್ಪದಲ್ಲೇ ಕತ್ತರಿಸಿದಂತೆ ನಿಂತು, ಅಂಚು ಮೇಲಕ್ಕೆ ಸುರುಳಿಯಾಗಿತ್ತು. ಕೆಳಗಿನ ಪ್ಲಾಸ್ಟಿಕ್ ಅಚ್ಚಿನಿಂದ ಬಂದಾಗಿನ ಹಾಗೆ ನಯ. ಬಣ್ಣ ಪ್ಲಾಸ್ಟಿಕ್ಕನ್ನು ಹಿಡಿದೇ ಇರಲಿಲ್ಲ. ಅಚ್ಚಿನಿಂದ ಬಿಡಿಸಲು ಸವರುವ ಎಣ್ಣೆಯಂಶ ಪೂರ್ತಿ ತೊಳೆದಿಲ್ಲದಿದ್ದರೆ, ಬಣ್ಣ ಸರಿಯಾಗಿ ಪಕ್ವವಾಗದಿದ್ದರೆ, ಚೂಪು ಅಂಚುಗಳಲ್ಲಿ ತೀರ ತೆಳುವಾಗಿ ಕೂತಿದ್ದರೆ ಹೀಗಾಗುತ್ತದೆ. ಮೂರೂ ಕಾರ್ಖಾನೆಯೊಳಗಿನ ಕಾರಣಗಳು.

ಒಂದು ಅನುಮಾನ ಮಾತ್ರ ಬಾಕಿ ಇತ್ತು. ತೋಟದಲ್ಲಿ ಸೊಳ್ಳೆಗೆ ಮೈಗೆ ಹಚ್ಚುವ ಮುಲಾಮು ಬಳಸುತ್ತಿದ್ದರೇ? ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಹಲವು ಬಗೆಯ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಕರಗಿಸುತ್ತದೆ. ಬಳಸುತ್ತಿದ್ದೆ, ಸಂಜೆ ಹೊತ್ತು, ಎಂದರು ರೈಟರು. ಇದನ್ನು ಮುಚ್ಚಿಡದೆ ಮೊದಲೇ ಪರೀಕ್ಷಿಸಿದ್ದು ಸರಿಯಾದ ನಿರ್ಧಾರ, ಏಕೆಂದರೆ ಎದುರಿನವರು ಕೇಳುವ ಮೊದಲ ಪ್ರಶ್ನೆ ಅದೇ. ಡೀಟ್ ತಗಲಿದ್ದರೆ ಕೈ ಹೆಚ್ಚು ಹಿಡಿಯುವ ಎರಡು ಬದಿಗಳಲ್ಲಿ ಬಣ್ಣ ಮೆತ್ತಗಾಗಿ ಬೆರಳಚ್ಚು ಮೂಡಬೇಕಿತ್ತು, ಪ್ಲಾಸ್ಟಿಕ್ ಮಂಕಾಗಿ ಸಣ್ಣ ಬಿರುಕು ಬಿಡಬೇಕಿತ್ತು. ಬದಿಗಳು ಚೊಕ್ಕವಾಗಿದ್ದವು.

ಎದ್ದ ಹಕ್ಕಳೆಗೆ ಟೇಪ್ ಅಂಟಿಸಿ ಕಿತ್ತು ನೋಡುವ ಆಸೆಯನ್ನು ದುರಸ್ತಿಗಾರರು ತಡೆದುಕೊಂಡರು. ಬಣ್ಣದ ಹಿಡಿತ ಅಳೆಯಲು ಚೌಕಳಿ ಕೊಯ್ದು ಟೇಪಿನಿಂದ ಎಳೆಯುವ ಐಎಸ್‌ಒ 2409 ಪರೀಕ್ಷೆ ಇದೆ. ಸೊನ್ನೆಯಿಂದ ಐದರವರೆಗೆ ಅಂಕ, ಸೊನ್ನೆ ಉತ್ತಮ. ಆದರೆ ಅದು ಪ್ರಯೋಗಾಲಯದ ಕೆಲಸ. ಅಂಗಡಿಯಲ್ಲಿ ಮಾಡಿದರೆ ಸಾಕ್ಷಿಯೇ ಕಿತ್ತು ಬರುತ್ತದೆ.

ಎರಡನೆಯ ದೂರು

ಈಗ ಆಯ್ಕೆ ಮಾಡಬೇಕಿತ್ತು. ಪರದೆಯನ್ನು ದೂರಿನಿಂದ ಬಿಡಬೇಕು ಎಂದಾಗ ರೈಟರು ಒಪ್ಪಲಿಲ್ಲ. ಅವರಿಗೆ ಕಣ್ಣಿಗೆ ಚುಚ್ಚುತ್ತಿದ್ದದ್ದು ಪರದೆಯೇ. ಕಂಪನಿಯ ಹೊಸ ಡಿಸ್‌ಪ್ಲೇಗೆ ಹನ್ನೊಂದು ಸಾವಿರ ಹೇಳಿದ್ದರು. ಆದರೆ ಪರದೆಯನ್ನು ಸೇರಿಸಿದ ಕ್ಷಣ ಉತ್ತರ ಮತ್ತೆ "ಗೀರು, ವಾರಂಟಿಗಿಲ್ಲ" ಎಂದೇ ಬರುತ್ತಿತ್ತು. ಎರಡು ದಿನ ಯೋಚಿಸಿ ಬಿಟ್ಟುಕೊಟ್ಟರು. ಇಡೀ ಫೋನು ಬದಲಿಸಿ ಎಂಬ ಮಾತನ್ನೂ ಬಿಟ್ಟು, ಫ್ರೇಮ್ ಒಂದನ್ನೇ ಕೇಳಲು ತೀರ್ಮಾನಿಸಿದರು. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣ ಗೆದ್ದದ್ದು ಆ ಎರಡು ದಿನಗಳಲ್ಲಿ.

ವಾರಂಟಿ ಪತ್ರ ತೆಗೆದು ಓದಿದಾಗ ಇನ್ನೊಂದು ಆಸರೆ ಸಿಕ್ಕಿತು. ಗೀರು, ತಗ್ಗು ಮೊದಲಾದ ನೋಟದ ಹಾನಿಗೆ ವಾರಂಟಿ ಇಲ್ಲ ಎಂದು ಹೇಳಿ, ವಾಕ್ಯ ಅಲ್ಲಿಗೇ ನಿಲ್ಲುವುದಿಲ್ಲ: ವಸ್ತುವಿನ ಅಥವಾ ತಯಾರಿಕೆಯ ದೋಷದಿಂದ ಆದದ್ದನ್ನು ಹೊರತುಪಡಿಸಿ, ಎಂದು ಮುಂದುವರಿಯುತ್ತದೆ. ಆ್ಯಪಲ್ ಕಂಪನಿಯ ಒಂದು ವರ್ಷದ ವಾರಂಟಿಯಲ್ಲೂ ಇಂಥದೇ ಮಾತಿದೆ. ಕೌಂಟರಿನಲ್ಲಿ ಮೊದಲರ್ಧ ಮಾತ್ರ ಕೇಳಿಬರುತ್ತದೆ.

ಐವತ್ತೇಳನೆಯ ದಿನದ ದೂರು ಹೀಗಿತ್ತು: "ಸಿಮ್ ಗೂಡಿನ ಒಳ ಅಂಚಿನಲ್ಲಿ 4 ಮಿ.ಮೀ., ಕೆಳ ಅಂಚಿನಲ್ಲಿ 6 ಮಿ.ಮೀ., ವಾಲ್ಯೂಮ್ ಗುಂಡಿಯ ಸಂದಿಯಲ್ಲಿ 2 ಮಿ.ಮೀ. ಉದ್ದಕ್ಕೆ ಫ್ರೇಮಿನ ಬಣ್ಣ ಪದರವಾಗಿ ಎದ್ದಿದೆ. ಈ ಜಾಗಗಳಲ್ಲಿ ಪೆಟ್ಟಿನ ಗುರುತಿಲ್ಲ, ಕೆಳಗಿನ ಪ್ಲಾಸ್ಟಿಕ್ ನಯವಾಗಿದೆ. ಪರದೆಯ ಗೀರು ಮತ್ತು ಎಡ ಮೂಲೆಯ ಪೆಟ್ಟಿಗೆ ನನ್ನ ಬೇಡಿಕೆಯಿಲ್ಲ. ಬಣ್ಣದ ದೋಷಕ್ಕೆ ಫ್ರೇಮ್ ಬದಲಿಸಿ ಕೊಡಬೇಕು." ಜೊತೆಗೆ ಒಂಬತ್ತು ಫೋಟೊ, ಬಿಲ್ಲಿನ ಪ್ರತಿ.

ಸರ್ವಿಸ್ ಸೆಂಟರ್ ಹಳೆಯ ಜಾಬ್ ಶೀಟ್ ತೋರಿಸಿತು. "ಸಾರ್, ಅವತ್ತು ನೀವೇ ಸೈನ್ ಮಾಡಿದೀರಲ್ಲ." ಈ ಸಲ ಸಹಿಯ ಪಕ್ಕ ಅಸಮ್ಮತಿ ಬರೆದು ಬಂದರು. ಅರವತ್ತನೆಯ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದೇ ಒಕ್ಕಣೆ, ಅದೇ ಫೋಟೊಗಳೊಂದಿಗೆ ದೂರು ದಾಖಲಿಸಿದರು. ಸಹಾಯವಾಣಿ ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ದಾರಿ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ದೋಷ ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. "ದೋಷ" ಎಂಬುದರ ವ್ಯಾಖ್ಯೆಯಲ್ಲಿ ಮಾರುವವರು ಹೇಳಿಕೊಂಡ ಗುಣಮಟ್ಟವೂ ಸೇರುತ್ತದೆ. ಹಾಗಾಗಿ ಜಾಹೀರಾತಿನ ಹಾಳೆ, ಪೆಟ್ಟಿಗೆಯ ಮೇಲಿನ ಬರಹ ಎಸೆಯುವಂಥದ್ದಲ್ಲ.

ಏನಾಯಿತು

ಎಪ್ಪತ್ತೊಂದನೆಯ ದಿನ ಕಂಪನಿಯಿಂದ ಕರೆ ಬಂತು. ಮತ್ತೊಮ್ಮೆ ಪರಿಶೀಲನೆ. ಈ ಸಲ ನೋಡಿದ ಹಿರಿಯ ತಂತ್ರಜ್ಞರು ನೇರವಾಗಿ ಸಿಮ್ ತಟ್ಟೆ ಹೊರಗೆಳೆದು ಬೆಳಕು ಬಿಟ್ಟರು, ಸೊಳ್ಳೆ ಮುಲಾಮಿನ ಪ್ರಶ್ನೆಯನ್ನೂ ಕೇಳಿದರು. ಉತ್ತರ ಸಿದ್ಧವಿತ್ತು. ಫ್ರೇಮನ್ನು ವಾರಂಟಿಯಲ್ಲಿ ಬದಲಿಸಲು ಒಪ್ಪಿದರು.

ಫ್ರೇಮ್ ಬದಲಿಸುವುದೆಂದರೆ ಚೌಕಟ್ಟು ತೆಗೆದು ಚೌಕಟ್ಟು ಹಾಕುವ ಕೆಲಸವಲ್ಲ. ಹಿಂದಿನ ಗಾಜು ಬಿಸಿ ಮಾಡಿ ಎಬ್ಬಿಸಬೇಕು; ಬೋರ್ಡು, ಬ್ಯಾಟರಿ, ಸ್ಪೀಕರು, ಕೊನೆಗೆ ಡಿಸ್‌ಪ್ಲೇಯನ್ನೂ ಬಿಡಿಸಿ ಹೊಸ ಫ್ರೇಮಿಗೆ ಕೂರಿಸಬೇಕು. ಅಪಾಯವಿರುವುದು ಡಿಸ್‌ಪ್ಲೇ ಬಿಡಿಸುವಾಗ. ಆಳದ ಗೀರಿದ್ದ ಈ ಗಾಜಿಗೆ ಅಪಾಯ ಇನ್ನೂ ಹೆಚ್ಚು. ಕೆಲಸಕ್ಕೆ ಕೊಡುವ ಮೊದಲು ರೈಟರು ಎರಡು ಮಾತನ್ನು ಜಾಬ್ ಶೀಟಿನಲ್ಲಿ ಬರೆಸಿಕೊಂಡರು: ಬಿಡಿಸುವಾಗ ಡಿಸ್‌ಪ್ಲೇ ಒಡೆದರೆ ಖರ್ಚು ಸೆಂಟರಿನದು, ಜೋಡಿಸುವಾಗ ಹೊಸ ಅಂಟುಪಟ್ಟಿ ಹಾಕಿ ಗಾಳಿಯ ಒತ್ತಡದಲ್ಲಿ ಸೋರಿಕೆ ಪರೀಕ್ಷೆ ಮಾಡಬೇಕು. ಐಪಿ68 ಉಳಿಯುವುದು ಆ ಅಂಟುಪಟ್ಟಿಯಿಂದ. ಹಳೆಯದನ್ನೇ ಒತ್ತಿ ಮುಚ್ಚಿದರೆ ಮಲೆನಾಡಿನ ಒಂದು ಮಳೆಗಾಲ ಸಾಕು.

ಎಂಬತ್ತೊಂದನೆಯ ದಿನ ಫೋನು ಕೈಗೆ ಬಂತು. ಡಿಸ್‌ಪ್ಲೇ ಒಡೆದಿರಲಿಲ್ಲ. ಆದರೆ ಬೆರಳಚ್ಚು ಹಿಡಿಯುತ್ತಿರಲಿಲ್ಲ. ಅದು ಗಮನಕ್ಕೆ ಬಂದದ್ದು ಮೂರು ದಿನದ ಮೇಲೆ. ಪರದೆಯ ಕೆಳಗಿನ ಬೆರಳಚ್ಚು ಸೆನ್ಸರನ್ನು ಬಿಚ್ಚಿ ಕೂರಿಸಿದ ಮೇಲೆ ಮತ್ತೆ ಹೊಂದಿಸಬೇಕಾಗುತ್ತದೆ. ಆ ಹಂತ ಬಿಟ್ಟುಹೋಗಿತ್ತು. ಇನ್ನೊಂದು ಸುತ್ತು ಪೇಟೆ, ಅರ್ಧ ದಿನದ ಕೆಲಸ ಹಾಳು. ಫ್ರೇಮ್ ಬದಲಿಸಿದ ಫೋನನ್ನು ಕೌಂಟರಿನಿಂದ ಎತ್ತುವ ಮೊದಲು ಬೆರಳಚ್ಚು, ಎರಡೂ ಸ್ಪೀಕರು, ಎಲ್ಲ ಕ್ಯಾಮೆರಾ, ಚಾರ್ಜಿಂಗ್, ಕರೆಯ ಧ್ವನಿ ಐದನ್ನೂ ಅಲ್ಲೇ ನೋಡಿದ್ದರೆ ಇದು ತಪ್ಪುತ್ತಿತ್ತು.

ಪರದೆ ಹಾಗೆಯೇ ಉಳಿಯಿತು. ಗಾಜು ಮಾತ್ರ ಬದಲಿಸುವ ಕೆಲಸಕ್ಕೆ ಮೂರೂವರೆ ಸಾವಿರ ಎಂದು ಹೊರಗೆ ಹೇಳಿದ್ದರು. ಗಾಜನ್ನು ಕಾಯಿಸಿ, ಸಣ್ಣ ತಂತಿಯಿಂದ ಕೊಯ್ದು ಬೇರ್ಪಡಿಸಿ, ಪಾರದರ್ಶಕ ಅಂಟಿನ ಹಾಳೆಯಿಟ್ಟು ಹೊಸ ಗಾಜು ಒತ್ತುವ ಕೆಲಸ ಅದು. ಕೊಯ್ಯುವಾಗ ಕೆಳಗಿನ ಪದರಕ್ಕೆ ತಗಲಿದರೆ ಹಸಿರು ಗೆರೆ ಮೂಡಿ ಡಿಸ್‌ಪ್ಲೇಯೇ ಹೋಗುತ್ತದೆ. ಬದಲಿ ಗಾಜು ಮೊದಲಿನಷ್ಟು ಬಲದ್ದೆಂಬ ಖಾತ್ರಿಯೂ ಇಲ್ಲ. ಹಾಗಾಗಿ 250 ರೂಪಾಯಿಯ ಸಾಮಾನ್ಯ ಟೆಂಪರ್ಡ್ ಗ್ಲಾಸ್ ಹಾಕಿಸಿದರು. ಅದರ ಅಂಟು ಸಣ್ಣ ಗೀರುಗಳೊಳಗೆ ತುಂಬಿಕೊಂಡು ಅವು ಕಣ್ಣಿಗೆ ಮರೆಯಾದವು. ಆಳದ ಗೀರು ಮಸುಕಾಗಿ ಕಾಣುತ್ತದೆ. ಗಾಜಿಗೆ ಕಳೆದುಹೋದ ಬಲ ಇದರಿಂದ ಮರಳಿಲ್ಲ.

ಈ ಪ್ರಕರಣದಿಂದ ಕೈಗೆ ಹತ್ತಿದ್ದು

ಹೊಸ ಫೋನು ಗೀರು ತಡೆಯಬೇಕೇ ಎಂಬ ಪ್ರಶ್ನೆಗೆ ಗಾಜಿನ ಮಟ್ಟಿಗೆ ಉತ್ತರ: ಮರಳಿನ ಮುಂದೆ ತಡೆಯಲಾರದು. ಗ್ರಾಹಕರು ಅದನ್ನು ನಿರೀಕ್ಷಿಸದಂತೆ ಕೊಳ್ಳುವಾಗಲೇ ಹೇಳಬೇಕು. ಬಣ್ಣದ ಮಾತು ಬೇರೆ. ಬಣ್ಣ, ಲೇಪ, ಅಂಟು ಇವು ಬಳಸುವವರ ಕೈಯಲ್ಲಿಲ್ಲದ ಕೆಲಸಗಳು. ಯಾರೂ ಮುಟ್ಟದ ಜಾಗದಲ್ಲಿ ಬಣ್ಣ ಎದ್ದರೆ ಅದನ್ನು ನೋಟದ ಹಾನಿ ಎಂದು ಕರೆಯುವುದು ಅನ್ಯಾಯ. "ಕಾಸ್ಮೆಟಿಕ್" ಎಂಬ ಒಂದೇ ಪದ ಎರಡನ್ನೂ ನುಂಗುತ್ತಿರುವುದರಿಂದ ನ್ಯಾಯವಾಗಿ ಸಿಗಬೇಕಾದದ್ದನ್ನೂ ಎಷ್ಟೋ ಜನ ಕೇಳದೆ ಹಿಂದಿರುಗುತ್ತಾರೆ.

ಬೇರ್ಪಡಿಸಿ ನೋಡಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಹತ್ತು ಪಟ್ಟಿನ ಭೂತಗನ್ನಡಿ, ಓರೆ ಬೆಳಕು, ಒದ್ದೆ ಬಟ್ಟೆ, ರಬ್ಬರು, ಉಗುರು ಸಾಕು. ಒರೆಸಿದರೆ, ರಬ್ಬರಿಗೆ ಹೋದರೆ ಅದು ಮೆತ್ತಿದ್ದು. ಉಗುರು ತಡೆದರೆ ಆಳದ ಗೀರು. ಕೆಳಗೆ ಜಜ್ಜಿದ್ದರೆ ಪೆಟ್ಟು. ಕೆಳಗೆ ನಯವಿದ್ದು ಅಂಚು ಸುರುಳಿಯಾಗಿದ್ದರೆ ಬಣ್ಣದ ಹಿಡಿತದ ದೋಷ. ಆಗ ಸಿಮ್ ಗೂಡು, ಗುಂಡಿಯ ಸಂದಿಗಳನ್ನು ತಪ್ಪದೆ ನೋಡಬೇಕು. ಕೊಂಡ ದಿನವೇ ಎಲ್ಲ ಬದಿಗಳ ಫೋಟೊ ತೆಗೆದಿಟ್ಟಿದ್ದರೆ ಈ ಪ್ರಕರಣ ಇಪ್ಪತ್ತು ದಿನ ಮೊದಲೇ ಮುಗಿಯುತ್ತಿತ್ತು.

ತೋಟ, ಕಣ, ಕ್ಯೂರಿಂಗ್ ವರ್ಕ್ಸ್, ಕಲ್ಲು ಕ್ವಾರಿಗಳಲ್ಲಿ ದುಡಿಯುವವರಿಗೆ ಒಂದು ಮಾತು ಹೆಚ್ಚು. ಬ್ಯಾಕ್ ಕವರ್ ಹಾಕಿದರೆ ಮುಗಿಯಿತೆಂದು ಬಿಡಬೇಡಿ. ಕವರಿನೊಳಗೆ ನುಗ್ಗಿದ ಮರಳು ಹೊರಬರಲಾರದೆ ಹಿಂದಿನ ಗಾಜನ್ನೂ ಫ್ರೇಮನ್ನೂ ತಿಂಗಳುಗಟ್ಟಲೆ ಅರೆಯುತ್ತದೆ. ವಾರಕ್ಕೊಮ್ಮೆ ಕವರ್ ಬಿಚ್ಚಿ, ಮೊದಲು ಊದಿ ಅಥವಾ ಮೆತ್ತನೆ ಕುಂಚದಿಂದ ಮರಳು ಉದುರಿಸಿ, ಆಮೇಲೆ ಒರೆಸಿ. ಒಣ ಬಟ್ಟೆಯಿಂದ ನೇರ ಉಜ್ಜಿದರೆ ಆ ಮರಳಿನಿಂದಲೇ ಗೀರು. ಫೋನಿನ ಜೇಬು ಫೋನಿಗೆ ಮಾತ್ರ ಇರಲಿ. ಒಗೆಯುವಾಗ ಜೇಬಿನ ತಳವನ್ನು ಒಳಹೊರಗು ಮಾಡಿ ಝಾಡಿಸಿ.

ಮಳೆಗಾಲ ಮುಗಿದ ಮೇಲೆ ಈ ಫೋನನ್ನು ಮತ್ತೆ ನೋಡಿದಾಗ ಸಿಮ್ ಗೂಡಿನ ಒಳ ಅಂಚು, ಗುಂಡಿಯ ಸಂದಿ ಎರಡೂ ಚೊಕ್ಕವಾಗಿದ್ದವು. ಟೆಂಪರ್ಡ್ ಗ್ಲಾಸಿನ ಮೇಲೆ ಏಳೆಂಟು ಹೊಸ ಗೀರು ಬಿದ್ದಿದ್ದವು. ಅದನ್ನು ಬದಲಿಸಿ ಆಗಿದೆ. ನವೆಂಬರಿನಲ್ಲಿ ವಾರಂಟಿ ಮುಗಿಯುತ್ತದೆ. ಅದಕ್ಕೆ ಹದಿನೈದು ದಿನ ಮೊದಲು ಇನ್ನೊಂದು ಸುತ್ತು ಫೋಟೊ ತೆಗೆಯಬೇಕೆಂದು ರೈಟರು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ.